ಕಿವಿ ಹೊಡೆದುಹಾಕಿದ ಮೇಷ್ಟ್ರು

ಹೊಸದುರ್ಗದ ಈರಬಸಪ್ಪ ಮೇಷ್ಟ್ರಿಗೆ ಒಂದು ಚಟ. ಬೀಡಿಯಲ್ಲ, ಇಸ್ಪೀಟಲ್ಲ; ಕಂಡವರ ಬರಹದಲ್ಲಿ ತಪ್ಪು ಹುಡುಕುವುದು. ಮದುವೆ ಕಾರ್ಡು ಕೈಗೆ ಬಂದರೆ ಗಂಡು ಯಾರು, ಹೆಣ್ಣು ಯಾರು ಅಂತ ನೋಡುವ ಮುಂಚೆ ಒತ್ತಕ್ಷರ ನೋಡುತ್ತಿದ್ದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ನಿವೃತ್ತಿಯಾಗಿ ಎರಡು ವರ್ಷವಾದರೂ ಜೇಬಿನ ಕೆಂಪು ಪೆನ್ನು ಇಳಿದಿರಲಿಲ್ಲ. ಇಂಥವರನ್ನು ಹುಡುಕಿಕೊಂಡು ಚಿತ್ರದುರ್ಗದಿಂದ ಕರೆ ಬಂತು ಅಂದರೆ ಕೇಳಬೇಕೆ, ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಬಸ್ಸೇ ಹತ್ತಿದರು.

ಕರೆದವರು ಒಂದು ಅಧ್ಯಯನ ಸಂಸ್ಥೆಯವರು. ವಿಷಯ ಇಷ್ಟೇ: ಎಷ್ಟು ಜನರಿಗೆ ಅಂಗವೈಕಲ್ಯ ಇದೆ ಅಂತ ಎಣಿಸೋಕೆ ಒಂದೊಂದು ದೇಶದ್ದು ಒಂದೊಂದು ಅಳತೆ. ಒಂದು ಕಡೆ ಊರುಗೋಲು ಹಿಡಿದವರನ್ನಷ್ಟೇ ಎಣಿಸಿದರೆ ಇನ್ನೊಂದು ಕಡೆ ಕನ್ನಡಕದವರನ್ನೂ ಎಣಿಸುತ್ತಾರೆ. ಹಿಂಗಾದರೆ ಲೆಕ್ಕ ಲೆಕ್ಕಕ್ಕೆ ಕೂರೋದು ಹೆಂಗೆ ಅಂತ ಹಲವು ದೇಶದವರು ಒಟ್ಟಿಗೆ ಕೂತು, ಎಲ್ಲ ಕಡೆಗೂ ಹೊಂದುವಂಥ ಆರು ಪ್ರಶ್ನೆ ಮಾಡಿದ್ದರು. ನೀನು ಅಂಗವಿಕಲನಾ ಅಂತ ಕೇಳೋ ಹಾಗಿಲ್ಲ. ದಿನನಿತ್ಯ ಮಾಡುವ ಕೆಲಸ ಒಂದೊಂದನ್ನೂ ಹೆಸರಿಸಿ, ಅದು ಕಷ್ಟವಾಗುತ್ತದಾ ಅಂತ ಕೇಳಬೇಕು. ಉತ್ತರ ನಾಲ್ಕೇ: ಕಷ್ಟವಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ. ಈ ಸಲ ಹನ್ನೊಂದು ದೇಶಗಳಲ್ಲಿ ಒಂದೇ ತಿಂಗಳು ಈ ಪ್ರಶ್ನೆಗಳನ್ನು ಒರೆಗೆ ಹಚ್ಚುವ ಕೆಲಸ. ಕನ್ನಡದ ಪಾಲಿಗೆ ಸಿಕ್ಕಿದ್ದು ಚಿತ್ರದುರ್ಗ ಜಿಲ್ಲೆ.

ಕಾರ್ಯಾಗಾರ ನಡೆಸುತ್ತಿದ್ದ ಪ್ರಭುಲಿಂಗ ಅನ್ನೋ ಚುರುಕು ಮನುಷ್ಯ ಇನ್ನೂ ಒಂದು ಮಾತು ಹೇಳಿದ. "ಯಾರು ಬಹಳ ಕಷ್ಟ ಅಂತಾರೋ ಅವರ ಮನೆ ಬಾಗಿಲಿಗೇ ಎರಡನೇ ಸುತ್ತಿನಲ್ಲಿ ಡಾಕ್ಟರ ವ್ಯಾನ್ ಬರ್ತದೆ ಸರ್. ಪರೀಕ್ಷೆ ಮಾಡ್ತಾರೆ, ನಿಜ ಅಂತಾದ್ರೆ ಕನ್ನಡಕನೋ ಕಿವಿ ಮಿಷನ್ನೋ ಅವರ ಹೆಸರಿಗೇ ಕೊಟ್ಟು ಹೋಗ್ತಾರೆ. ಅರ್ಜಿ ಗಿರ್ಜಿ ಏನೂ ಇಲ್ಲ."

ಅರ್ಜಿ ಇಲ್ಲ ಅಂದಿದ್ದೇ ತಡ, ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. ಅವರಿಗೆ ತಕ್ಷಣ ನೆನಪಾದದ್ದು ಮನೆಯಲ್ಲಿದ್ದ ಅಕ್ಕ ಈರಕ್ಕ.

ಈರಕ್ಕನಿಗೆ ಅರವತ್ತೆಂಟು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ತಂದೆ ಸತ್ತಾಗ ಒಂಬತ್ತು ವರ್ಷದವನಾಗಿದ್ದ ತಮ್ಮನನ್ನು ಓದಿಸಿ ಮೇಷ್ಟ್ರನ್ನು ಮಾಡಿದವಳು. ಐದಾರು ವರ್ಷದಿಂದ ಅವಳ ಕಿವಿ ಮಂದವಾಗುತ್ತಾ ಬಂದು ಈಗ ಹತ್ತಿರ ಕೂತು ಕೂಗಿದರೆ ಅಷ್ಟೋ ಇಷ್ಟೋ. ಮಿಕ್ಕಿದ್ದನ್ನು ಎದುರಿನವರ ತುಟಿ ನೋಡಿ ಊಹಿಸುತ್ತಿದ್ದಳು. ಮೊದಲು ಸೋಮವಾರ ಸೋಮವಾರ ಮಠಕ್ಕೆ ಹೋಗಿ ಹೆಂಗಸರ ಜೊತೆ ವಚನ ಹಾಡುತ್ತಿದ್ದವಳು, ಎಲ್ಲರೂ ಮುಗಿಸಿದ ಮೇಲೂ ತಾನೊಬ್ಬಳೇ ಹಾಡುತ್ತಿದ್ದದ್ದು ಒಂದು ದಿನ ಗೊತ್ತಾಗಿ, ಅಲ್ಲಿಗೆ ಹೋಗೋದನ್ನೇ ಬಿಟ್ಟಳು. ಮೇಷ್ಟ್ರ ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ಮಾತಿಗೆ ಇದ್ದವಳು ಇವಳೊಬ್ಬಳು, ಇವಳಿಗೂ ಮಾತು ಮುಟ್ಟುತ್ತಿರಲಿಲ್ಲ. ಸಂಜೆ ಜಗಲಿಯಲ್ಲಿ ಇಬ್ಬರೂ ಕೂತರೆ ರಸ್ತೆಯ ಬೈಕುಗಳದ್ದೇ ಸದ್ದು. ಅಕ್ಕ ಮತ್ತೆ ತನ್ನ ಮಾತಿಗೆ ಉತ್ತರ ಕೊಟ್ಟು ಬೈಯಬೇಕು, ಸಾಯೋ ಮುಂಚೆ ಅದೊಂದು ಆಗಬೇಕು ಅಂತ ಮೇಷ್ಟ್ರಿಗೆ ಆಸೆ.

ಮಿಷನ್ ಕೊಂಡರಾಯಿತಲ್ಲ ಅಂತೀರಿ. ಕೊಂಡಿದ್ದರು. ಅವಳು ಡಬ್ಬಿಯನ್ನೂ ತೆಗೆಯದೆ ವಾಪಸ್ ಕೊಟ್ಟಳು. "ತಮ್ಮನ ಅನ್ನ ತಿಂತಿರೋದೇ ಸಾಲದಾ, ಕಿವಿನೂ ಅವನ ದುಡ್ಡಲ್ಲೇ ಕೊಂಡ್ಕಬೇಕಾ?" ಸರ್ಕಾರದ ಶಿಬಿರಕ್ಕೆ ಅರ್ಜಿ ತಂದರೆ ಅದನ್ನೂ ಮಡಚಿ ಒಲೆಗೆ ಹಾಕಿದಳು. "ಅರ್ಜಿ ಅಂದ್ರೆ ಕೈಯೊಡ್ಡಿ ಕೇಳಾದೇ ಅಲ್ವೇನಲೇ? ತಾನಾಗೇ ಮನೆ ಬಾಗ್ಲಿಗೆ ಬಂದ್ರೆ ಬ್ಯಾಡ ಅನ್ನಲ್ಲ. ಕೇಳಿ ಮಾತ್ರ ತಗಳಲ್ಲ." ಹಠ ಅಂದರೆ ಹಠ, ಆ ಹಠದಿಂದಲೇ ತಾನು ಮೇಷ್ಟ್ರಾದದ್ದು ಅಂತ ಗೊತ್ತಿದ್ದ ತಮ್ಮ ಏನು ಹೇಳಿಯಾನು? ಈಗ ನೋಡಿದರೆ ತಾನಾಗೇ ಬಾಗಿಲಿಗೆ ಬರೋ ವ್ಯಾನು. ದೇವರು ಕಣ್ಣು ಬಿಟ್ಟ ಅಂದುಕೊಂಡರು.

ಆ ಹುರುಪಿನಲ್ಲೇ ಕಾರ್ಯಾಗಾರದಲ್ಲಿ ಒಂದು ಎಡವಟ್ಟೂ ನಡೆದುಹೋಯಿತು.

ಮೊದಲ ಪ್ರಶ್ನೆ, "ನಿಮಗೆ ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವಾಗುತ್ತದೆಯೇ?" ಎರಡನೆಯದು ಕರಡಿನಲ್ಲಿ, "ನಿಮಗೆ ಕಿವಿ ಕೇಳಲು ಕಷ್ಟವಾಗುತ್ತದೆಯೇ?" ಅಂತಿತ್ತು. ಮಿಷನ್ ಹಾಕಿಕೊಂಡರೂ ಅನ್ನೋ ಮಾತನ್ನು, ಮಿಷನ್ ಕಾಣದ ಊರುಗಳಲ್ಲಿ ಬಿಡಬಹುದು ಅಂತ ಬಿಟ್ಟಿದ್ದರು. ಮೇಷ್ಟ್ರು ಎದ್ದು ನಿಂತರು. "ಕಿವಿ ಕೇಳಲು ಅಂದ್ರೇನ್ರಿ? ಕೇಳೋನು ಮನುಷ್ಯ. ಕಿವಿ ಬರೀ ಸಾಧನ, ಅದು ಕರ್ತೃ ಆಗಲ್ಲ. ಮೊದಲನೇದ್ರಲ್ಲಿ ಕಣ್ಣು ನೋಡಲು ಅಂತ ಬರೆದಿದೀರಾ? ಇಲ್ಲ. ಮತ್ತೆ ಇಲ್ಲಿ ಯಾಕೆ ಕಿವಿ? ಜನ ಕಿವಿಯಿಂದಲ್ದೆ ಮೂಗಿಂದ ಕೇಳ್ತಾರಾ?" ಹಾಲೆಲ್ಲ ನಕ್ಕಿತು. ಕೆಂಪು ಪೆನ್ನು ತೆಗೆದು ಕಿವಿಯ ಮೇಲೆ ಒಂದು ಗೀಟು ಎಳೆದರು. ನೋಡಲು, ಕೇಳಲು, ನಡೆಯಲು ಅಂತ ಪ್ರಶ್ನೆಗಳು ಸಾಲಾಗಿ ನಿಂತವು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಜವನಗೊಂಡನಹಳ್ಳಿಯ ರೇಣುಕಾ, ಕುರುಬರ ಮನೆಯ ಮಗಳು, ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸಕ್ಕೆ ಸೇರಿದವಳು. "ಸರ್, ನಮ್ಮ ಕಡೆ ಕಿವಿ ಕೇಳ್ಸಲ್ಲ ಅಂತಾನೇ ಅನ್ನಾದು. ಕಿವಿ ಇರ್ಲಿ ಬಿಡ್ರಿ ಸರ್."

"ನಿಮ್ಮ ಕಡೆಯವರು ಅನ್ನೋದೆಲ್ಲ ವ್ಯಾಕರಣ ಆಗಲ್ಲಮ್ಮ," ಅಂದರು ಮೇಷ್ಟ್ರು. ಹುಡುಗಿ ಕೂತಳು.

ಆಮೇಲೆ ತಿರುಗು ಅನುವಾದ ಅಂತ ಒಂದು ಶಾಸ್ತ್ರ. ಕನ್ನಡದ್ದನ್ನು ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ತಿರುಗಿಸಿ ಮೂಲಕ್ಕೆ ಹೊಂದಿತಾ ಅಂತ ನೋಡುವುದು. ತಿರುಗಿಸಿದಾತನಿಗೆ ಇದು ಅಂಗವೈಕಲ್ಯದ ಪಟ್ಟಿ ಅಂತ ಮೊದಲೇ ಗೊತ್ತಿತ್ತು. ಅದಕ್ಕೇ ಮೂಲದಲ್ಲಿದ್ದ ಇಂಗ್ಲಿಷ್ ಪದವೇ ಹಂಗಂಗೇ ವಾಪಸ್ ಬಂತು. ಎಲ್ಲ ದೇಶಗಳ ಕೆಲಸ ನೋಡಿಕೊಳ್ಳಲು ಫಿಲಿಪೈನ್ಸಿನಿಂದ ಬಂದಿದ್ದ ಮೇಡಂ ಕೈ ಕುಲುಕಿ, ಇಷ್ಟು ಚಿಕ್ಕ ಚೊಕ್ಕ ಪ್ರಶ್ನೆ ಬೇರೆ ಯಾವ ಭಾಷೆಯಲ್ಲೂ ಆಗಿಲ್ಲ ಅಂದಳಂತೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದು ಆ ದಿನ ಯಾರಿಗೂ ಕಾಣಲಿಲ್ಲ. ಮಧ್ಯಾಹ್ನ ಊಟದ ನಂತರ ಮೇಷ್ಟ್ರೇ ಹುಡುಗ ಹುಡುಗಿಯರಿಗೆ ಪಾಠ ಮಾಡಿದರು: ಪ್ರಶ್ನೆಗೆ ಒಂದಕ್ಷರ ಸೇರಿಸಬಾರದು, ಬಿಡಿಸಿ ಹೇಳಬಾರದು, ಸನ್ನೆ ಮಾಡಬಾರದು. "ಹೇಳಿದ್ದನ್ನ ಬರೀರಿ, ಕಂಡಿದ್ದನ್ನ ಬರೀಬೇಡಿ." ಈ ಮಾತು ಎಷ್ಟು ಚೆನ್ನಾಗಿದೆ ಅಂತ ಪ್ರಭುಲಿಂಗ ಅದನ್ನು ಬೋರ್ಡಿನ ಮೇಲೂ ಬರೆಸಿದ.

ಕೆಲಸ ಶುರುವಾಗಿ ಆರನೇ ದಿನ ರೇಣುಕಾ ಫೋನ್ ಮಾಡಿದಳು.

"ಸರ್, ನಮ್ಮೂರ ಚಿಕ್ಕತಿಮ್ಮಪ್ಪನ ಮನೆಗೆ ಹೋಗಿದ್ದೆ. ಇನ್ನೂರು ಕುರೀಲಿ ಯಾವ ಮರಿ ಅರಚ್ತು ಅಂತ ಬೆನ್ನು ತಿರುಗ್ಸಿ ಕುಂತು ಹೇಳಾ ಮನುಷ್ಯ. ಕೇಳಲು ಕಷ್ಟವಾಗುತ್ತದೆಯೇ ಅಂತ ಓದ್ದೆ. ಬಹಳ ಕಷ್ಟ ತಾಯಿ ಅಂದ. ಹೊಲದೋರ ಹತ್ರ ಹೋಗಿ, ನಿಮ್ಮ ಕೂಳೆ ಹೊಲದಾಗೆ ಕುರಿ ಬಿಟ್ಕಳ್ಲಾ ಅಂತ ಕೇಳ್ಬೇಕಂದ್ರೆ ನಾಲಿಗೆ ಹೊರಳಲ್ಲ ಅಂದ. ಟ್ಯಾಬಲ್ಲಿ ಬಹಳ ಕಷ್ಟ ಅಂತ ಒತ್ತಿದೀನಿ ಸರ್."

ಮೇಷ್ಟ್ರಿಗೆ ಮೊದಲು ನಗು ಬಂತು.

"ಅವ್ರವ್ವ ಕಾಟಮ್ಮಂಗೆ ಗುಡುಗಿದ್ರೂ ಕೇಳ್ಸಲ್ಲ. ಕಿವಿ ಹತ್ರ ಬಾಯಿಟ್ಟು ಅದನ್ನೇ ಕೂಗ್ದೆ. ನಾನ್ಯಾರ್ನ ಕೇಳ್ಲವ್ವ, ನನಗೆಲ್ಲಾ ಮಗನೇ ತಂದಾಕ್ತಾನೆ ಅಂತು. ಕಷ್ಟವಿಲ್ಲ ಅಂತ ಒತ್ತಿದೀನಿ."

ನಗು ಅಲ್ಲಿಗೇ ನಿಂತಿತು. ಕೇಳು. ಮೂವತ್ತನಾಲ್ಕು ವರ್ಷ ಧಾತು ಹೇಳಿಕೊಟ್ಟ ಬಾಯಿ. ಕಿವಿಗೆ ಬಿದ್ದದ್ದನ್ನೂ ಕೇಳುವುದು, ಕೈಯೊಡ್ಡಿಯೂ ಕೇಳುವುದು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಎರಡನ್ನೂ ಬೇರೆ ಮಾಡುತ್ತಿದ್ದದ್ದು ಆ ಕಿವಿ ಒಂದೇ. ಅದನ್ನು ಹೊಡೆದುಹಾಕಿದ್ದು ತಾನೇ.

"ನಾನು ಅವತ್ತೇ ಹೇಳಿದ್ದೆ ಸರ್," ಅಂದಳು ರೇಣುಕಾ. ಬೈಯಲಿಲ್ಲ ಹುಡುಗಿ. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಮೇಷ್ಟ್ರು ಹೊಳಲ್ಕೆರೆಗೆ ಹೋದರು. ಪ್ರಭುಲಿಂಗ ಅಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮು ಬಾಡಿಗೆ ಹಿಡಿದು ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ಎಲ್ಲ ಹೇಳಿದರು. ತಪ್ಪು ನನ್ನದು, ಒಂದು ಪದ ವಾಪಸ್ ಹಾಕಿ ಅಂದರು.

"ಕುಂತ್ಕಳ್ರಿ ಸರ್, ಮೊದ್ಲು ನೀರು ಕುಡೀರಿ," ಅಂದ ಪ್ರಭುಲಿಂಗ. "ಪ್ರಶ್ನೆ ಲಾಕ್ ಆಗೈತೆ ಸರ್. ಹನ್ನೊಂದು ದೇಶ. ಮಧ್ಯದಲ್ಲಿ ನಾವು ಒಂದಕ್ಷರ ಬದಲಾಯಿಸಿದ್ರೂ ನಮ್ಮ ಲೆಕ್ಕ ಅವರ ಲೆಕ್ಕದ ಜೊತೆ ಹೋಲ್ಸೋಕೆ ಬರಲ್ಲ. ಇಡೀ ಜಿಲ್ಲೆನೇ ತೆಗೆದುಹಾಕ್ತಾರೆ. ಆಗ ವ್ಯಾನೂ ಇಲ್ಲ, ಮಿಷನ್ನೂ ಇಲ್ಲ."

"ಲೆಕ್ಕ ಸುಳ್ಳಾಗ್ತಿದೆಯಲ್ರಿ."

"ಸುಳ್ಳೆಲ್ಲಿ ಸರ್? ಬರ್ರಿ ಇಲ್ಲಿ." ಲ್ಯಾಪ್‌ಟಾಪ್ ತಿರುಗಿಸಿದ. "ಕೇಳಲು ಬಹಳ ಕಷ್ಟ ಅಂದೋರು ನಮ್ಮಲ್ಲಿ ನೂರಕ್ಕೆ ಮೂರು. ಬೇರೆ ದೇಶಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೇಡಂ ನಿನ್ನೆ ತಾನೇ ಮೇಲ್ ಹಾಕಿದಾರೆ, ಎಲ್ಲಕ್ಕಿಂತ ಚೆನ್ನಾಗಿ ನಡೀತಿರೋ ಪ್ರಶ್ನೆ ಕನ್ನಡದ್ದೇ ಅಂತ."

ಮೇಷ್ಟ್ರು ಆ ಮೂರನ್ನು ನೋಡುತ್ತಾ ಕೂತರು. ಕೇಳಿಸದವರು ಪಟ್ಟಿಯಿಂದ ಆಚೆ ಹೋಗಿದ್ದರು, ಕೇಳಲು ನಾಚುವವರು ಒಳಗೆ ಬಂದಿದ್ದರು. ಹೋದವರಿಗೂ ಬಂದವರಿಗೂ ಸರಿಹೋಗಿ ಅಂಕಿ ಮಾತ್ರ ಮುಕ್ಕಾಗದೆ ನಿಂತಿತ್ತು. ಅಂಕಿ ಕೆಟ್ಟಿದ್ದರೆ ಯಾರಾದರೂ ತಿರುಗಿ ನೋಡುತ್ತಿದ್ದರು. ಕೆಡಲೇ ಇಲ್ಲವಲ್ಲ, ಇನ್ನು ಯಾರಿಗೆ ಏನು ಹೇಳೋದು?

"ಮುಂದಿನ ಸುತ್ತಿನಲ್ಲಿ ನೋಡಾಣ ಸರ್."

"ಮುಂದಿನ ಸುತ್ತು ಯಾವಾಗ?"

"ನಾಲ್ಕೈದು ವರ್ಷ ಆಗ್ಬಹುದು," ಅಂದ ಪ್ರಭುಲಿಂಗ, ಪಾಪ, ಅವನಿಗೂ ಬೇಜಾರಾಗಿತ್ತು. ಕಾಫಿ ತರಿಸಿದ. ಮೇಷ್ಟ್ರು ಕುಡಿಯದೆ ಎದ್ದು ಬಂದು ಬಸ್ಸು ಹತ್ತಿದರು.

ಮುಂದಿನ ವಾರ ಹೊಸದುರ್ಗದ ಸರದಿ. ಯಾವ ಮನೆಗಳಿಗೆ ಹೋಗಬೇಕು ಅಂತ ಚೀಟಿ ಎತ್ತಿದಾಗ ಮೇಷ್ಟ್ರ ಬೀದಿಯೇ ಬಂದಿತ್ತು, ಮನೆಯೂ ಬಂದಿತ್ತು. ಒಂದು ತಿಂಗಳ ಹಿಂದೆ ಇದಕ್ಕೆ ಕುಣಿದಾಡುತ್ತಿದ್ದರೇನೋ. ಹೀಗನ್ನು ಅಂತ ಅಕ್ಕನಿಗೆ ಮೊದಲೇ ಹೇಳಿಕೊಡೋಣ ಅಂದರೆ, ಮಿಷನ್ನಿಗೆ ಅಂತ ಗೊತ್ತಾದ ಕೂಡಲೇ ಇದೂ ಕೈಯೊಡ್ಡಿ ಕೇಳಿದ ಹಾಗೇ ಅಂತ ಎದ್ದುಹೋಗುವವಳು. ಬೆಳಿಗ್ಗೆ ಹನ್ನೊಂದಕ್ಕೆ ರೇಣುಕಾ ಟ್ಯಾಬ್ ಹಿಡಿದು ಬಂದಳು. ಪಕ್ಕದ ಮನೆ ಮುದ್ದಪ್ಪನದನ್ನು ಆಗಲೇ ಮುಗಿಸಿದ್ದಳು. ಮುದ್ದಪ್ಪ ಹಳೇ ಬಸ್ ಕಂಡಕ್ಟರ್. ಕಿವಿ ಎಷ್ಟು ಚುರುಕು ಅಂದರೆ ಮೇಷ್ಟ್ರ ಮನೆಯಲ್ಲಿ ಪಿಸುಗುಟ್ಟಿದ್ದು ಅವನ ಹಿತ್ತಲಿಗೆ ಮುಟ್ಟುತ್ತಿತ್ತು.

"ಅವ್ರೇನಂದ್ರು?" ಅಂತ ಮೇಷ್ಟ್ರು ತಡೆಯಲಾರದೆ ಕೇಳಿದರು.

"ಹೇಳೋ ಹಂಗಿಲ್ಲ ಸರ್." ಆಮೇಲೆ ತಲೆ ತಗ್ಗಿಸಿ ಅಂದಳು, "ಒಂದು ಲೋಟ ಕಾಫಿಗೂ ಸೊಸೇನ ಕೇಳ್ಬೇಕಂತೆ. ಬಹಳ ಕಷ್ಟ ಅಂದ್ರು."

ಈರಕ್ಕ ಸೆರಗು ಸರಿಮಾಡಿಕೊಂಡು ಬಂದು ಕೂತಳು. ಮಾತಾಡಲು ಶಕ್ತಿ ಇದ್ದವರ ಬದಲು ಮನೆಯವರು ಉತ್ತರ ಹೇಳುವ ಹಾಗಿರಲಿಲ್ಲ. ಟ್ಯಾಬು ದನಿಯನ್ನೂ ಹಿಡಿದುಕೊಳ್ಳುತ್ತಿತ್ತು; ಯಾರಾದರೂ ಬಾಯಿ ಹಾಕಿದ್ದು ಗೊತ್ತಾದರೆ ಆ ಮನೆಯೇ ರದ್ದು. ಮೇಷ್ಟ್ರು ಗೋಡೆಗೆ ಒರಗಿ ನಿಂತರು. ಹೆಸರು ಏನು ಅನ್ನೋದನ್ನೇ ರೇಣುಕಾ ಮೂರು ಸಲ ಕೂಗಬೇಕಾಯಿತು. ವಯಸ್ಸಿಗೆ ನಾಲ್ಕು ಸಲ. ನೋಡಲು ಕಷ್ಟವೇ ಅನ್ನುವಷ್ಟರಲ್ಲಿ ಹುಡುಗಿಯ ಗಂಟಲು ಒಡೆದಿತ್ತು. ಎದುರಿಗೆ ಕೂತವಳಿಗೆ ಕಿವಿ ಕೇಳಿಸಲ್ಲ ಅಂತ ಬೀದಿಗೆಲ್ಲ ಗೊತ್ತಾಗಿತ್ತು, ಟ್ಯಾಬಿಗೆ ಮಾತ್ರ ಅವಳ ಬಾಯಿಂದಲೇ ಬರಬೇಕಿತ್ತು.

"ನಿಮಗೆ ಕೇಳಲು ಕಷ್ಟವಾಗುತ್ತದೆಯೇ?"

ಈರಕ್ಕ ಹುಡುಗಿಯ ತುಟಿಯನ್ನೇ ನೋಡಿದಳು. ಎರಡನೇ ಸಲಕ್ಕೆ ಅರ್ಥವಾಯಿತು. ಮೇಷ್ಟ್ರು ಸದ್ದಿಲ್ಲದೆ ಬೆರಳೆತ್ತಿ ತಮ್ಮ ಕಿವಿ ಮುಟ್ಟಿಕೊಂಡರು. ತಾವೇ ಕಲಿಸಿದ ಪಾಠವನ್ನು ತಾವೇ ಮುರಿಯುತ್ತಾ, ಕಳ್ಳನ ಹಾಗೆ, ಎರಡು ಸಲ, ಮೂರು ಸಲ. ಅಕ್ಕ ತಿರುಗಿ ನೋಡಿದಳು. ತನ್ನ ಕಿವಿಗೆ ಕೈ ಹೋಯಿತು. ಓಲೆ ಇದೆಯಾ ಬಿದ್ದಿದೆಯಾ ಅಂತ ಮುಟ್ಟಿ ನೋಡಿ, ತಿರುಪು ಬಿಗಿ ಮಾಡಿಕೊಂಡು, ಇದೆ ಅನ್ನೋ ಹಾಗೆ ತಮ್ಮನಿಗೆ ತಲೆಯಾಡಿಸಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಕೇಳಾ ಕಷ್ಟ ನಮಗಿಲ್ಲವ್ವ. ನಮ್ಮಪ್ಪ ಸತ್ತಾಗ ಮನೇಲಿ ಎರಡು ಸೇರು ರಾಗಿ ಇತ್ತು. ಈ ನನ್ನ ತಮ್ಮನ್ನ ಓದ್ಸಾಕೆ ಕೂಲಿ ಮಾಡ್ದೆ, ತೆಂಗಿನ ಗರಿ ಸೀಳಿ ಪೊರಕೆ ಮಾರ್ದೆ. ಒಬ್ಬರ ಮನೆ ಬಾಗ್ಲಲ್ಲಿ ನಿಂತು ಕೇಳಿಲ್ಲ. ಸಾಯೋತನ್ಕ ಕೇಳಾದೂ ಇಲ್ಲ. ಇಲ್ಲ ಅಂತ ಬರ್ಕ."

ರೇಣುಕಾ ಮೇಷ್ಟ್ರ ಮುಖ ನೋಡಿದಳು. ಅವಳ ಬೆರಳು ಗಾಜಿನ ಮೇಲೆ ನಿಂತಿತ್ತು. ಬಾಯಿ ಬಿಟ್ಟರೆ ಮನೆ ರದ್ದು, ಬಿಡದಿದ್ದರೆ ಅಕ್ಕ ರದ್ದು. ಹುಡುಗಿ ಕಷ್ಟವಿಲ್ಲ ಅನ್ನೋದನ್ನು ಒತ್ತಿ ನಡೆಯುವ ಪ್ರಶ್ನೆಗೆ ಹೋದಳು.

ವ್ಯಾನು ಬಂದದ್ದು ಎರಡು ತಿಂಗಳ ಮೇಲೆ, ಒಂದು ಗುರುವಾರ ಬೆಳಿಗ್ಗೆ. ಬೆಳ್ಳಗಿನ ದೊಡ್ಡ ವ್ಯಾನು, ಒಳಗೆ ಕಿವಿ ಪರೀಕ್ಷೆಯ ಚಿಕ್ಕ ಕೋಣೆ. ಮೇಷ್ಟ್ರ ಮನೆ ದಾಟಿ ಮುದ್ದಪ್ಪನ ಮನೆ ಮುಂದೆ ನಿಂತಿತು. ಮುದ್ದಪ್ಪ ಹೊಸ ಪಂಚೆ ಉಟ್ಟು ಒಳಗೆ ಹೋಗಿ, ಹತ್ತೇ ನಿಮಿಷಕ್ಕೆ ಇಳಿದು ಬಂದ. "ಏನೇನೋ ಕುಯ್ ಕುಯ್ ಅನ್ನಿಸ್ತಾರೆ ಮೇಷ್ಟ್ರೇ. ಎಲ್ಲಾ ಕೇಳಿಸ್ತು," ಅಂದ. ಮಿಷನ್ ಕೊಡಲಿಲ್ಲ ಅಂತ ಅವನಿಗೆ ಸ್ವಲ್ಪ ಬೇಸರ. ವ್ಯಾನಿನ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಜೊತೆಗಿದ್ದವನಿಗೆ ಹೇಳುತ್ತಿದ್ದಳು, ಬೆಳಿಗ್ಗೆಯಿಂದ ಇದು ನಾಲ್ಕನೇದು, ಜನ ಬಿಟ್ಟಿ ಸಿಗುತ್ತೆ ಅಂದ್ರೆ ಏನು ಬೇಕಾದ್ರೂ ಹೇಳ್ತಾರೆ ಅಂತ.

ಜನ ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಿದ್ದರು. ಮೇಷ್ಟ್ರು ಹತ್ತಿರ ಹೋದರು.

"ಮೇಡಂ, ಪಕ್ಕದ ಮನೆಯಲ್ಲಿ ನಮ್ಮಕ್ಕ ಇದಾರೆ. ಕಿವಿ ಪೂರ್ತಿ ಹೋಗಿದೆ. ಹತ್ತು ನಿಮಿಷ ನೋಡಿ ಸಾಕು."

ಅವಳು ಪಟ್ಟಿ ನೋಡಿದಳು. "ಈರಕ್ಕ. ಕಷ್ಟವಿಲ್ಲ ಅಂತ ಇದೆಯಲ್ಲ ಸರ್."

"ಪ್ರಶ್ನೆ ತಪ್ಪು ಮೇಡಂ. ಆ ಪ್ರಶ್ನೆ ತಪ್ಪು ಮಾಡಿದ್ದು ನಾನೇ."

ಅವಳು ಈ ಮನುಷ್ಯನಿಗೆ ಏನಾಗಿದೆ ಅನ್ನೋ ಹಾಗೆ ನೋಡಿದಳು. ಕೆಟ್ಟವಳಲ್ಲ, ಮೆತ್ತಗೇ ಹೇಳಿದಳು. ಪಟ್ಟಿಯ ಹೆಸರು ಒತ್ತಿದರೆ ಮಾತ್ರ ಪರೀಕ್ಷೆಯ ಯಂತ್ರ ಶುರುವಾಗುತ್ತದೆ, ಹೊರಗಿನವರದ್ದು ಸೇರಿಸಲು ತನ್ನ ಕೈಯಲ್ಲಿಲ್ಲ. ಆಸ್ಪತ್ರೆಗೆ ಅರ್ಜಿ ಕೊಡಿ. ಮೇಷ್ಟ್ರು ಎರಡೂ ಕೈ ಮುಗಿದರು. ಮುದ್ದಪ್ಪ, ಅವನ ಸೊಸೆ, ಎದುರು ಅಂಗಡಿಯವರು ಎಲ್ಲ ನೋಡುತ್ತಿದ್ದರು. ಮೂವತ್ತನಾಲ್ಕು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ನಡುಬೀದಿಯಲ್ಲಿ ಕೈ ಮುಗಿದು ನಿಂತು, ಹೇಗಾದರೂ ಮಾಡಿ ಮೇಡಂ, ಹೇಗಾದರೂ ಮಾಡಿ ಅಂತ ಅದನ್ನೇ ಹೇಳುತ್ತಿದ್ದರು. ಡ್ರೈವರ್ ಗಾಡಿ ಚಾಲೂ ಮಾಡಿದ.

ತಿರುಗಿದಾಗ ಮನೆ ಬಾಗಿಲಲ್ಲಿ ಈರಕ್ಕ ನಿಂತಿದ್ದಳು. ಮಾತು ಒಂದೂ ಅವಳಿಗೆ ಕೇಳಿಸಿರಲಿಲ್ಲ. ಮುಗಿದ ಕೈ ಕಂಡಿತ್ತು, ಅಷ್ಟು ಸಾಕಾಗಿತ್ತು.

ಮಧ್ಯಾಹ್ನ ಊಟಕ್ಕೆ ಕರೆದಳು. ಮುದ್ದೆ ಹಾಕಿ, ಹುರುಳಿ ಸಾರು ಬಿಟ್ಟು, ಎದುರಿಗೆ ಕೂತು ಕೇಳಿದಳು. "ಯಾರ ಮುಂದೆ ಕೈ ಮುಗೀತಿದ್ದೆ? ಏನು ಕಮ್ಮಿ ಆಗೈತೆ ನಿಂಗೆ? ನಾನು ಅಷ್ಟು ಬಡ್ಕಂಡು ಸಾಕಿದ್ದು ನೀನು ಬೀದೀಲಿ ನಿಂತು ಕೇಳ್ಲಿ ಅಂತನಾ?" ಅವಳ ಕಣ್ಣಲ್ಲಿ ನೀರಿತ್ತು. ಅರವತ್ತೆರಡು ವರ್ಷದ ತಮ್ಮ ತಟ್ಟೆ ಮುಂದೆ ತಲೆ ತಗ್ಗಿಸಿದರು. ನಿನಗೋಸ್ಕರ ಅಂತ ಹೇಗೆ ಹೇಳುವುದು? ಹೇಳಿದರೆ ಆ ಜೀವ ಅಲ್ಲೇ ಕುಸಿಯುತ್ತದೆ. ಆದರೆ ಇನ್ನೊಂದನ್ನು ಹೇಳಲೇಬೇಕಿತ್ತು, ಎರಡು ತಿಂಗಳಿಂದ ಎದೆಯಲ್ಲಿ ಕೂತದ್ದು. ಮುಖ ಎತ್ತಿ, ಅವಳಿಗೆ ತುಟಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದರು.

"ಅಕ್ಕಯ್ಯ, ತಪ್ಪು ನಂದು."

ಅವಳು ಅರ್ಥವಾಗದೆ ನೋಡಿದಳು.

"ತಪ್ಪು," ಅಂದರು ಇನ್ನೂ ಜೋರಾಗಿ. "ತಪ್ಪು, ಅಕ್ಕಯ್ಯ. ನಾನೇ ಮಾಡಿದ್ದು."

ಈರಕ್ಕನ ಮುಖ ಸಡಿಲವಾಯಿತು. ಬೈದದ್ದು ಹೆಚ್ಚಾಯಿತು ಅನ್ನಿಸಿತೋ ಏನೋ, ಕಣ್ಣೊರೆಸಿಕೊಂಡು ಮಂಡಿ ಹಿಡಿದು ಎದ್ದಳು. "ಉಪ್ಪಾ? ಉಪ್ಪು ಕಮ್ಮಿ ಆಗೈತಾ? ಅಷ್ಟಕ್ಕೆ ಹಂಗ್ಯಾಕೆ ಕೂಗ್ತೀಯಪ್ಪ," ಅಂತ ಒಳಗಿಂದ ಉಪ್ಪಿನ ಡಬ್ಬಿ ತಂದು, ಅವರ ಸಾರಿಗೆ ಎರಡು ಚಿಟಿಕೆ ಹಾಕಿ ಬೆರಳಲ್ಲಿ ಕಲಸಿದಳು. ಸಾರಿಗೆ ಉಪ್ಪು ಮೊದಲೇ ಸರಿಯಾಗಿತ್ತು. ಈಗ ಸರಿಯಾಯಿತಾ ಅಂತ ಅವಳು ಮುಖ ನೋಡುತ್ತಾ ಕೂತಳು, ಮೇಷ್ಟ್ರು ಸರಿಯಾಯಿತು ಅಂತ ತಲೆಯಾಡಿಸಿ ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡರು.